ಬಂಡೆಯೊಳಗಿನ ಜೇಡಿಯ ಲೆಕ್ಕ

ಮಾನ್ಯ ಸಂಪಾದಕರೇ,

ಹಳೆಯ ತೈಲ ನಿಕ್ಷೇಪಗಳಲ್ಲಿ ಉಳಿದುಹೋದ ಎಣ್ಣೆಯನ್ನು ರಾಸಾಯನಿಕ ದ್ರಾವಣಗಳಿಂದ ಹೊರತೆಗೆಯುವ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ 2004ರಲ್ಲಿ ಪತ್ತೆಯಾದ ಮಂಗಳಾ ನಿಕ್ಷೇಪದಲ್ಲಿ ಇಂಥ ಪ್ರಯೋಗ ನಡೆದಿರುವುದರಿಂದ ಲೇಖನ ಸಕಾಲಿಕವೇ. ಆದರೆ ಸಾಬೂನು ಪಾತ್ರೆಯ ಜಿಡ್ಡನ್ನು ತೊಳೆಯುವಂತೆ ಸರ್ಫ್ಯಾಕ್ಟಂಟ್ (ಸಾಬೂನಿನಂತೆ ಎಣ್ಣೆಯನ್ನು ನೀರಿನೊಡನೆ ಬೆರೆಸುವ ರಾಸಾಯನಿಕ) ದ್ರಾವಣವು ಬಂಡೆಯ ಎಣ್ಣೆಯನ್ನು ತೊಳೆಯುತ್ತದೆ ಎಂಬ ಹೋಲಿಕೆಗೇ ವಿವರಣೆ ನಿಂತುಬಿಟ್ಟದ್ದು ದೊಡ್ಡ ಕೊರತೆಯೆನಿಸಿತು. ಪಾತ್ರೆಯಲ್ಲಿಲ್ಲದ ಜೇಡಿ ಬಂಡೆಯಲ್ಲಿದೆ.

ಎಣ್ಣೆ ಹಿಡಿದಿರುವ ಮರಳುಗಲ್ಲಿನ ರಂಧ್ರಗಳಲ್ಲಿ ಸಾಮಾನ್ಯವಾಗಿ ಅಷ್ಟಿಷ್ಟು ಜೇಡಿ ಇದ್ದೇ ಇರುತ್ತದೆ. ಅದರ ಪದರಗಳು ಋಣ ವಿದ್ಯುದಂಶ ಹೊಂದಿರುವುದರಿಂದ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ಹಿಡಿದಿಟ್ಟುಕೊಂಡು, ಸುತ್ತಲಿನ ನೀರಿನ ಗುಣ ಬದಲಾದಾಗ ಒಂದನ್ನು ಬಿಟ್ಟು ಇನ್ನೊಂದನ್ನು ಸೇರಿಸಿಕೊಳ್ಳುತ್ತವೆ. ಕೆಯೋಲಿನೈಟ್ ಎಂಬ ಜೇಡಿಯ 100 ಗ್ರಾಂನ ವಿನಿಮಯ ಸಾಮರ್ಥ್ಯ 3ರಿಂದ 15 ಮಿಲಿಈಕ್ವಿವಲೆಂಟ್ (ಅಯಾನುಗಳನ್ನು ಅವುಗಳ ವಿದ್ಯುದಂಶದ ಲೆಕ್ಕದಲ್ಲಿ ಅಳೆಯುವ ಮಾನ) ಆದರೆ, ಮಾಂಟ್‌ಮೊರಿಲೊನೈಟ್ ಎಂಬ ಇನ್ನೊಂದು ಜೇಡಿಯದು 80ರಿಂದ 150. ಆದ್ದರಿಂದ ಬಂಡೆಯಲ್ಲಿ ಜೇಡಿ ಎಷ್ಟಿದೆ ಎಂಬುದರಷ್ಟೇ ಯಾವ ಜೇಡಿ ಇದೆ ಎಂಬುದೂ ಮುಖ್ಯ.

ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಗಸಿಯಾಗುವುದನ್ನು ಕೊಳವೆಬಾವಿಯ ನೀರು ಬಳಸುವ ಎಲ್ಲರೂ ಬಲ್ಲರು. ತೈಲ ನಿಕ್ಷೇಪದಲ್ಲಿ ಬಳಸುವ ಸಲ್ಫೊನೇಟ್ ಎಂಬ ಸರ್ಫ್ಯಾಕ್ಟಂಟ್‌ಗಳಿಗೂ ಕ್ಯಾಲ್ಸಿಯಂ ಹೆಚ್ಚಾದರೆ ಕಷ್ಟವೇ: ಕೆಲವು ಗಸಿಯಾಗಿ ಕೆಳಗಿಳಿಯುತ್ತವೆ, ಕೆಲವು ನೀರನ್ನು ಬಿಟ್ಟು ಎಣ್ಣೆಯೊಳಗೆ ಸೇರಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಮುಂಚಿತವಾಗಿ ಮೆದು ನೀರು ಹರಿಸಿ ಬಂಡೆಯನ್ನು ತೊಳೆದರೆ ಸಾಲದೇ ಎಂದು ಯಾರಿಗಾದರೂ ತೋಚೀತು. ಸಾಲದು. ಉಪ್ಪಿನಂಶ ತಗ್ಗಿದಷ್ಟೂ ಜೇಡಿ ಕ್ಯಾಲ್ಸಿಯಂ ಅನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಮೆದು ನೀರಿನ ಹಿಂದೆ ಸೋಡಿಯಂ ಹೆಚ್ಚಿರುವ ಸರ್ಫ್ಯಾಕ್ಟಂಟ್ ದ್ರಾವಣ ಬಂದಾಗ ಹಿಡಿದದ್ದನ್ನು ಅದಕ್ಕೇ ಬಿಟ್ಟುಕೊಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದಿದೆ. ಸಲ್ಫೊನೇಟ್ ಅಣುಗಳು ಗುಂಪುಗೂಡಿ ಆಗುವ ಮಿಸೆಲ್‌ಗಳ ಮೇಲ್ಮೈಯೂ ಋಣ ವಿದ್ಯುದಂಶದ್ದೇ ಆದ್ದರಿಂದ ಅವೂ ಜೇಡಿಯಂತೆಯೇ ಕ್ಯಾಲ್ಸಿಯಂ ಅನ್ನು ಸೆಳೆಯುತ್ತವೆ. ಜೇಡಿ ಇದ್ದಲ್ಲೇ ಇರುತ್ತದೆ, ಮಿಸೆಲ್ ಹರಿಯುತ್ತದೆ. ಹೀಗಾಗಿ ದ್ರಾವಣವು ಹೋದ ದಾರಿಯುದ್ದಕ್ಕೂ ಜೇಡಿಯಿಂದ ಕ್ಯಾಲ್ಸಿಯಂ ಕಿತ್ತುಕೊಂಡು ಹೊತ್ತೊಯ್ಯುತ್ತದೆ; ಬಾವಿಯ ಬಾಯಲ್ಲಿ ಸರಿಯಾಗಿದ್ದ ಅದರ ಸಂಯೋಜನೆ ನೂರಾರು ಅಡಿ ಸಾಗುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ಸರ್ಫ್ಯಾಕ್ಟಂಟ್ ಇರುವಾಗ ಜೇಡಿಯೊಡನೆ ನಡೆಯುವ ಈ ವಿನಿಮಯವನ್ನು ತೈಲೋತ್ಪಾದನಾ ಸಂಶೋಧಕ ಜಾರ್ಜ್ ಹಿರಾಸಾಕಿಯವರು 1982ರಲ್ಲೇ ವಿಶ್ಲೇಷಿಸಿದ್ದಾರೆ.

ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಇದು ಅಪರಿಚಿತವೇನಲ್ಲ. ಸೋಡಿಯಂ ತುಂಬಿ ಸವಳಾದ ಎರೆಭೂಮಿಗೆ ಜಿಪ್ಸಂ ಹಾಕಿ ನೀರು ಬಸಿಯುವಂತೆ ಮಾಡುವಾಗ ಅವರು ನಡೆಸುವುದು ಇದೇ ವಿನಿಮಯ, ದಿಕ್ಕು ಮಾತ್ರ ಬೇರೆ: ಅಲ್ಲಿ ಕ್ಯಾಲ್ಸಿಯಂ ಒಳಬಂದು ಸೋಡಿಯಂ ಹೊರಹೋಗುತ್ತದೆ. ತರಗತಿಯಲ್ಲಿ ಈ ಉದಾಹರಣೆ ಹೇಳಿದಾಗಲೆಲ್ಲ ರೈತರ ಮಕ್ಕಳ ಕಣ್ಣು ಅರಳುತ್ತಿದ್ದುದನ್ನು ನಾನು ಮರೆತಿಲ್ಲ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಈ ವಿಷಯದ ಮುಂದಿನ ಬರಹದಲ್ಲಿ ಎಷ್ಟು ಎಣ್ಣೆ ಸಿಗಬಹುದೆಂಬ ಅಂದಾಜಿನ ಜೊತೆಗೆ, ದ್ರಾವಣವನ್ನು ಪರೀಕ್ಷಿಸಿದ್ದು ಶುದ್ಧ ಮರಳಿನಲ್ಲೋ ಅಥವಾ ಅದೇ ನಿಕ್ಷೇಪದಿಂದ ಕೊರೆದು ತೆಗೆದ, ಜೇಡಿಯುಳ್ಳ ಶಿಲೆಯಲ್ಲೋ ಎಂಬುದನ್ನು ಕೇಳಿ ಬರೆಯಿಸಬೇಕು.

— ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಗಂಗಾವತಿ