ಮೊಟ್ಟೆ ಟಾರ್ಟ್ ಮಕಾವುಗೆ ಬಂದದ್ದು ನಾವಿಕರಿಂದಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಸಿಹಿ ಟಾರ್ಟ್‌ಗಳ (ಕಣಕದ ಬಟ್ಟಲಿನಲ್ಲಿ ಹೂರಣ ತುಂಬಿದ ಬೇಕರಿ ತಿಂಡಿಗಳ) ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಪೋರ್ಚುಗೀಸ್ ನಾವಿಕರು ನಾನ್ನೂರು ವರ್ಷಗಳ ಹಿಂದೆ ಮೊಟ್ಟೆ ಟಾರ್ಟನ್ನು ಚೀನಾದ ಕರಾವಳಿಯ ಮಕಾವುಗೆ ಕೊಂಡೊಯ್ದರು, ಅಲ್ಲಿಂದ ಅದು ಹಾಂಗ್‌ಕಾಂಗ್‌ಗೆ ದಾಟಿತು ಎಂದು ಅದರಲ್ಲಿ ಬರೆದಿರುವುದು ಕೇಳಲು ಸೊಗಸಾಗಿದ್ದರೂ ಸಂಗತಿ ಹಾಗಿಲ್ಲ. ಬೇಕರಿ ಕೆಲಸದಲ್ಲೇ ಆಯುಷ್ಯ ಸವೆಸಿದವನಾದ್ದರಿಂದ ಈ ಕೆಲವು ಮಾತು ಬರೆಯುತ್ತಿದ್ದೇನೆ.

ಪೋರ್ಚುಗಲ್‌ನ ಕ್ರೈಸ್ತ ಮಠಗಳಲ್ಲಿ ನಿಲುವಂಗಿಗಳಿಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಭಾಗವನ್ನು ಬಳಸುತ್ತಿದ್ದರೆಂದೂ, ಉಳಿದ ಹಳದಿ ಸಿಹಿತಿಂಡಿಗಳಿಗೆ ಹೋಗುತ್ತಿತ್ತೆಂದೂ ರೂಢಿಯಲ್ಲಿ ಹೇಳುತ್ತಾರೆ. ಮದೀರಾ ದ್ವೀಪದಿಂದಲೂ ಬ್ರೆಜಿಲ್‌ನಿಂದಲೂ ಸಕ್ಕರೆ ಬರುತ್ತಿದ್ದ ಆ ದೇಶದಲ್ಲಿ ಇಂಥ ತಿಂಡಿಗಳಿಗೆ ಬರವಿರಲಿಲ್ಲ. ರಾಜಧಾನಿ ಲಿಸ್ಬನ್ನಿನ ಬೆಲೇಂ ಬಡಾವಣೆಯಲ್ಲಿರುವ ಜೆರೋನಿಮೋಸ್ ಮಠದವರು, 1820ರ ಕ್ರಾಂತಿಯ ನಂತರ ಆದಾಯ ಕುಸಿದಾಗ, ಪಕ್ಕದ ಸಕ್ಕರೆ ಕಾರ್ಖಾನೆಯ ಅಂಗಡಿಯಲ್ಲಿ ಟಾರ್ಟ್ ಮಾರಲು ತೊಡಗಿದರು. 1834ರಲ್ಲಿ ಸರ್ಕಾರ ಮಠಗಳನ್ನೇ ಮುಚ್ಚಿಸಿದ ಮೇಲೆ ತಯಾರಿಕೆಯ ಗುಟ್ಟು ಕಾರ್ಖಾನೆಯವರ ಕೈಸೇರಿ, 1837ರಲ್ಲಿ ಅಲ್ಲೇ ತೆರೆದ ಅಂಗಡಿ ಇಂದಿಗೂ ನಡೆಯುತ್ತಿದೆ.

ಮಕಾವಿನಲ್ಲಿ ಪೋರ್ಚುಗೀಸರು 1557ರಲ್ಲೇ ನೆಲೆಯೂರಿದ್ದು ನಿಜ. ಆದರೆ ಇಂದು ಮಕಾವಿನ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ಟಾರ್ಟ್ 1989ರದು. ಅದನ್ನು ಮಾಡಿದವರು ಪೋರ್ಚುಗೀಸರಲ್ಲ, ಮಕಾವಿನ ಕೊಲೊವಾನ್ ಎಂಬಲ್ಲಿ ಬೇಕರಿ ತೆರೆದ ಆಂಡ್ರ್ಯೂ ಸ್ಟೋ ಎಂಬ ಇಂಗ್ಲಿಷಿನವರು. ಲಿಸ್ಬನ್ನಿನ ತಿಂಡಿಯನ್ನು ತಮ್ಮ ದೇಶದ ಕಸ್ಟರ್ಡ್ ಟಾರ್ಟಿನ ರೀತಿಗೆ ಒಗ್ಗಿಸಿ ಅವರು ಮಾಡಿದ್ದು ಮುಂದೆ ತೈವಾನಿನವರೆಗೂ ಹಬ್ಬಿತು. ಹಾಂಗ್‌ಕಾಂಗ್‌ನ ಟಾರ್ಟಾದರೋ ಇದಕ್ಕಿಂತ ಬಹಳ ಹಿರಿಯದು. ಇಂಗ್ಲಿಷರ ಕಸ್ಟರ್ಡ್ ಟಾರ್ಟಿನ ಪ್ರಭಾವದಿಂದ 1920ರ ದಶಕದಲ್ಲಿ ಚೀನಾದ ಗ್ವಾಂಗ್‌ಝೌ ನಗರದಲ್ಲಿ ರೂಪುಗೊಂಡು, 1940ರ ದಶಕದ ಹೊತ್ತಿಗೆ ಹಾಂಗ್‌ಕಾಂಗ್‌ನ ಚಹಾದಂಗಡಿಗಳನ್ನು ಸೇರಿತ್ತು. ಮೊಮ್ಮಗನನ್ನು ಅಜ್ಜನೆಂದು ಕರೆದಂತಾಗಿದೆ ಲೇಖನದ ವಂಶಾವಳಿ.

ಲಿಸ್ಬನ್ನಿನ ಟಾರ್ಟನ್ನೂ ಹಾಂಗ್‌ಕಾಂಗ್‌ನದನ್ನೂ ಎದುರಿಗಿಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಲಿಸ್ಬನ್ನಿನದಕ್ಕೆ ಬೆಣ್ಣೆ ಹಚ್ಚಿ ಪದರ ಪದರವಾಗಿ ಮಡಿಸಿದ ಕಣಕವನ್ನು ಚಾಪೆಯಂತೆ ಸುರುಳಿ ಸುತ್ತಿ, ಬಿಲ್ಲೆಗಳಾಗಿ ಕತ್ತರಿಸಿ, ಒದ್ದೆ ಹೆಬ್ಬೆರಳಿನಿಂದ ತಳದಿಂದ ಅಂಚಿನವರೆಗೆ ಅಚ್ಚಿಗೆ ಒತ್ತುತ್ತಾರೆ. ಆದ್ದರಿಂದಲೇ ಬೆಂದ ಟಾರ್ಟನ್ನು ಬೋರಲು ಹಾಕಿದರೆ ತಳದಲ್ಲಿ ಸುರುಳಿಯ ಗೆರೆಗಳು ಕಾಣುತ್ತವೆ. ಚಕ್ಕೆ, ನಿಂಬೆಸಿಪ್ಪೆ ಹಾಕಿದ ಸಕ್ಕರೆ ಪಾಕ, ಹಿಟ್ಟು ಕದಡಿ ಕುದಿಸಿದ ಹಾಲು ಮತ್ತು ಮೊಟ್ಟೆಯ ಹಳದಿ ಸೇರಿದ ಹೂರಣ ಸುರಿದು, 250 ಡಿಗ್ರಿಗೂ ಮೀರಿದ ಉರಿಯಲ್ಲಿ ಬೇಯಿಸುವುದರಿಂದ ಮೇಲೆ ಕಪ್ಪು ಕಲೆಗಳು ಏಳುತ್ತವೆ. ಅವು ಸೀದು ಹೋದ ಗುರುತಲ್ಲ, ಬೇಕೆಂದೇ ಬರಿಸಿದವು. ಹಾಂಗ್‌ಕಾಂಗ್‌ನದು ಹದವಾದ ಉರಿಯಲ್ಲಿ ಬೆಂದು ಕನ್ನಡಿಯಂತೆ ನುಣುಪಾಗಿರಬೇಕು. ಕಲೆ ಬಿದ್ದರೆ ಕೆಟ್ಟಂತೆಯೇ. ಅದರ ಕಣಕದಲ್ಲಿಯೂ ಪದರದ್ದು, ಬಿಸ್ಕತ್ತಿನಂತೆ ಪುಡಿಯಾಗುವುದು ಎಂದು ಎರಡು ಬಗೆಗಳಿವೆ. ಲಿಸ್ಬನ್ನಿನದೆಂದು ತಾವು ಅಚ್ಚು ಹಾಕಿದ ಚಿತ್ರದಲ್ಲಿ ಒಂದೇ ಒಂದು ಕಲೆಯೂ ಇಲ್ಲ.

ಟಾರ್ಟನ್ನು ಹೂರಣದಿಂದ ಗುರುತಿಸುವುದೇ ಈ ಗೊಂದಲಕ್ಕೆ ಮೂಲ ಎಂಬುದು ನನ್ನ ಅಭಿಪ್ರಾಯ. ನೋಡಬೇಕಾದದ್ದು ಕಣಕವನ್ನು ಮತ್ತು ಉರಿಯನ್ನು. ಆಸ್ಟ್ರಿಯಾದ ಲಿಂಜ್ ನಗರದ ಟಾರ್ಟಿನ ಪಾಕವಿಧಾನ 1653ರ ಹಸ್ತಪ್ರತಿಯಲ್ಲಿಯೇ ಸಿಗುತ್ತದೆ. ಅದರ ಹೆಚ್ಚುಗಾರಿಕೆ ಇರುವುದೂ ಒಳಗಿನ ಹಣ್ಣಿನ ಜಾಮಿಗಿಂತ ಬಾದಾಮಿ ಪುಡಿ ಬೆರೆಸಿದ ಕಣಕದಲ್ಲಿ. ನಮ್ಮ ಬೆಂಗಳೂರಿನ ಕೆಲವು ಅಂಗಡಿಗಳು ಸಿದ್ಧ ಬಿಸ್ಕತ್ತಿನ ಬಟ್ಟಲಿಗೆ ತಣ್ಣನೆಯ ಕಸ್ಟರ್ಡ್ ತುಂಬಿ ‘ಪೋರ್ಚುಗೀಸ್ ಟಾರ್ಟ್’ ಎಂಬ ಚೀಟಿ ಅಂಟಿಸುವುದೂ ಇದೇ ಅಸಡ್ಡೆಯಿಂದ. ಮೊಟ್ಟೆ ತಿನ್ನದವರಿಗೆ ಕಸ್ಟರ್ಡ್ ಪುಡಿ ಬಳಸಿದರೆ ಆಕ್ಷೇಪವಿಲ್ಲ. ಮೊಟ್ಟೆ ಒಗ್ಗದ ಹೆಂಡತಿಗಾಗಿ ಆಲ್ಫ್ರೆಡ್ ಬರ್ಡ್ ಅದನ್ನು ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಡುಹಿಡಿದದ್ದೂ, ತಮಾಷೆಯೆಂದರೆ, ಬೆಲೇಂನ ಅಂಗಡಿ ತೆರೆದ ಅದೇ 1837ರಲ್ಲಿ. ಆದರೆ ಅಂಥ ತಿಂಡಿಯನ್ನು ಕಸ್ಟರ್ಡ್ ಟಾರ್ಟ್ ಎಂದು ಮಾರಲಿ, ಲಿಸ್ಬನ್ನಿನ ಹೆಸರು ಬೇಡ.

ಮಕಾವಿಗೆ ಸಂಬಂಧಿಸಿದ ವಾಕ್ಯವನ್ನೂ ಚಿತ್ರದ ಅಡಿಬರಹವನ್ನೂ ಮುಂದಿನ ಪುರವಣಿಯಲ್ಲಿ ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಬೇಕರಿ ಕೆಲಸಗಾರ, ಬೆಂಗಳೂರು