ಪೀಪಾಯಿಯೊಳಗೆ ಕೂತವನು

ತಮ್ಮಾ,

ನಿನ್ನ ಕಡಲ್ಗಳ್ಳರ ಕಥೆ ಓದಿದೆ. ಎರಡು ಕಡೆ ಜೋರಾಗಿಯೇ ನಕ್ಕೆ, ಆಮೇಲೆ ನಗು ನಿಂತುಹೋಯಿತು. ಯಾಕೆ ಅಂದರೆ ನಿನ್ನ ಹಡಗಿನಲ್ಲಿ ಎಲ್ಲರೂ ಜೋಕು ಹೊಡೆಯುತ್ತಾರೆ. ಕಪ್ತಾನ, ಅಡುಗೆಯವನು, ಗಿಳಿ ಕೂಡ. ಹೆದರಿಸುವವನು ಒಬ್ಬನೂ ಇಲ್ಲ.

1964ರಲ್ಲಿ ಬಂದ ಒಂದು ಇಟಾಲಿಯನ್ ಸಿನಿಮಾ ಇದೆ, ‘ತೊತೊ ಕೊಂತ್ರೊ ಇಲ್ ಪಿರಾತಾ ನೇರೊ’, ಅಂದರೆ ಕಪ್ಪು ಕಡಲ್ಗಳ್ಳನ ಎದುರು ತೊತೊ. ಫೆರ್ನಾಂಡೊ ಚೆರ್ಕಿಯೊ ಮಾಡಿದ್ದು. ಸಿಕ್ಕರೆ ನೋಡು. ತೊತೊ ಅಂದರೆ ಇಟಲಿಯ ಹೆಸರಾಂತ ನಗೆನಟ, ಇದರಲ್ಲಿ ಅವನು ಹೊಸೆ ಅನ್ನುವ ಚಿಲ್ಲರೆ ಕಳ್ಳ. ಸಿಪಾಯಿಗಳಿಂದ ತಪ್ಪಿಸಿಕೊಳ್ಳಲು ಪೀಪಾಯಿಯೊಳಗೆ ಕೂರುತ್ತಾನೆ, ಆ ಪೀಪಾಯಿ ಹೋಗಿ ಕಡಲ್ಗಳ್ಳರ ಹಡಗು ಹತ್ತುತ್ತದೆ. ಸಿನಿಮಾ ಅಂಥ ದೊಡ್ಡದೇನಲ್ಲ, ಅಲ್ಲಲ್ಲಿ ಎಳೆದಾಡುತ್ತದೆ. ಆದರೆ ಆ ಕಪ್ಪು ಕಡಲ್ಗಳ್ಳನನ್ನು ಗಮನಿಸು. ಅವನ ಪಾತ್ರ ಮಾಡಿದ ಮಾರಿಯೊ ಪೆತ್ರಿ ಆಪೆರಾದಲ್ಲಿ ಹಾಡುತ್ತಿದ್ದವನು, ಗಟ್ಟಿ ದನಿಯ ಆಳು. ತಾನಿರುವುದು ನಗೆ ಸಿನಿಮಾ ಅಂತ ಅವನಿಗೆ ಯಾರೂ ಹೇಳೇ ಇಲ್ಲವೇನೋ ಅನ್ನಿಸುತ್ತದೆ! ಅವನು ಅಷ್ಟು ಗಂಭೀರವಾಗಿ ನಿಂತಿರುವುದಕ್ಕೇ ಪಕ್ಕದಲ್ಲಿರುವ ತೊತೊನ ಪುಕ್ಕಲುತನ ನಗು ತರಿಸುತ್ತದೆ.

ಇಟಲಿಯಲ್ಲಿ ಹುಡುಗರು ಎಮಿಲಿಯೊ ಸಲ್ಗಾರಿಯ ಕಾದಂಬರಿ ಓದಿ ಬೆಳೆಯುತ್ತಿದ್ದರು. ಸತ್ತ ಅಣ್ಣತಮ್ಮಂದಿರ ಸೇಡು ತೀರಿಸಲು ಹೊರಟ, ನಗುವೇ ಗೊತ್ತಿಲ್ಲದ ಕಪ್ಪು ಕಡಲ್ಗಳ್ಳನ ಕಥೆಯನ್ನು ಅವನು ಬರೆದದ್ದು 1898ರಲ್ಲಿ ಬಂತು. ತೊತೊ ಹುಟ್ಟಿದ್ದೂ ಅದೇ ವರ್ಷ, ನೇಪಲ್ಸ್‌ನ ಸನಿತಾ ಅನ್ನುವ ಬಡವರ ಕೇರಿಯಲ್ಲಿ. ಸಲ್ಗಾರಿಯನ್ನು ಓದಿದ್ದರಿಂದ ಅಂಥ ಕಡಲ್ಗಳ್ಳ ಹೇಗಿರಬೇಕು ಅಂತ ಸಿನಿಮಾ ನೋಡುವವರಿಗೆ ಮೊದಲೇ ಗೊತ್ತಿತ್ತು, ಗೇಲಿ ಸಲೀಸಾಯಿತು. ನಿನ್ನ ಓದುಗರಿಗೆ ಅದು ಗೊತ್ತಿಲ್ಲ ಅಲ್ವಾ? ಹಾಗಿದ್ದರೆ ಮೊದಲು ನೀನೇ ಅವರಿಗೆ ಸ್ವಲ್ಪ ಹೆದರಿಕೆ ಹುಟ್ಟಿಸಬೇಕು, ಕತ್ತಿಯ ಅಲಗು ಚರ್ಮಕ್ಕೆ ತಾಗಬೇಕು.

ಇನ್ನೊಂದು. ಮಾತಿನ ಜೋಕು ನಿನ್ನಲ್ಲಿ ಜಾಸ್ತಿ, ಮೈಯಿಂದ ನಗಿಸುವುದು ಇಲ್ಲ. 1957ರ ಹೊತ್ತಿಗೇ ತೊತೊನ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಈ ಸಿನಿಮಾದ ಹೊತ್ತಿಗೆ ಅವನಿಗೆ ಅರವತ್ತಾರು. ಆದರೂ ಆ ಕತ್ತು, ಭುಜ, ಸೂತ್ರದ ಗೊಂಬೆಯ ಥರ ಬಿಡಿಬಿಡಿಯಾಗಿ ಕುಣಿಯುತ್ತಿದ್ದವು. ನಿನ್ನ ಕಳ್ಳ ಹೇಗೆ ನಡೆಯುತ್ತಾನೆ? ಹಸಿದಾಗ ಅವನ ಕೈ ಎಲ್ಲಿ ಹೋಗುತ್ತದೆ? ಹನ್ನೆರಡು ಪುಟ ಓದಿದರೂ ನನಗೆ ತಿಳಿಯಲಿಲ್ಲ.

ಕಪ್ತಾನನ ಜೋಕುಗಳನ್ನೆಲ್ಲ ಕಿತ್ತು ಹಾಕಿ ಮತ್ತೆ ಕಳಿಸು. ಗಿಳಿ ಇರಲಿ, ಅದು ಚೆನ್ನಾಗಿದೆ.