ಹಕ್ಕಿ ಬಂದ ಮೇಲೆ ಸಪ್ತಾಹ ಮಾಡೋಣ: ಮಾಗಡಿ ಕೆರೆಗಾಗಿ ಶಿರಹಟ್ಟಿ ಶಾಸಕರಿಗೆ ಬಹಿರಂಗ ಪತ್ರ

ಶಿರಹಟ್ಟಿ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ವನ್ಯಜೀವಿ ಸಪ್ತಾಹ. ಶಾಲೆಗಳಲ್ಲಿ ಚಿತ್ರಕಲೆ, ಪ್ರಬಂಧ, ರಸಪ್ರಶ್ನೆ ನಡೆಯುತ್ತವೆ. ಊರೊಳಗೆ ಒಂದು ಜಾಥಾ ಹೊರಡುತ್ತದೆ, ನಾಲ್ಕು ಗಿಡ ನೆಡುತ್ತಾರೆ, ಮಕ್ಕಳಿಗೆ ಬಹುಮಾನ ಸಿಗುತ್ತದೆ. ಇದೆಲ್ಲ ಒಳ್ಳೆಯದೇ. ಆದರೆ ನಮ್ಮ ತಾಲ್ಲೂಕಿನ ಮಟ್ಟಿಗೆ ಈ ತಾರೀಖಿನದೇ ಒಂದು ತೊಡಕಿದೆ. ಚಳಿಗಾಲ ಕಳೆಯಲು ಮಾಗಡಿ ಕೆರೆಗೆ ವಲಸೆ ಬರುವ ಪಟ್ಟೆತಲೆ ಹೆಬ್ಬಾತುಗಳು ಆಗಿನ್ನೂ ಬಂದಿರುವುದಿಲ್ಲ. ಅವು ಬಂದಿಳಿಯುವುದು ನವೆಂಬರ್ ಹೊತ್ತಿಗೆ. ಅಷ್ಟರಲ್ಲಿ ಸಪ್ತಾಹದ ಬ್ಯಾನರ್ ಬಿಚ್ಚಿ ತಿಂಗಳಾಗಿರುತ್ತದೆ. ಎಷ್ಟೋ ವರ್ಷ ಆ ವಾರ ದಸರಾ ರಜೆಯೂ ಇರುವುದರಿಂದ ಮಕ್ಕಳೇ ಶಾಲೆಯಲ್ಲಿರುವುದಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಸಪ್ತಾಹವನ್ನು ಅದರ ತಾರೀಖಿಗೇ ಮಾಡಿ, ಆದರೆ ಅದಕ್ಕೆ ಇಡುವ ಹಣ, ಜನ, ಉತ್ಸಾಹದ ದೊಡ್ಡ ಪಾಲನ್ನು ನವೆಂಬರ್‌ಗೆ ಎತ್ತಿಡಿ. ಹಕ್ಕಿ ಬಂದ ಮೇಲೆ ಊರ ಜನರನ್ನು, ಮುಖ್ಯವಾಗಿ ಸುತ್ತಲಿನ ಹಳ್ಳಿಗಳ ಮಕ್ಕಳನ್ನು, ಕೆರೆ ಏರಿಗೆ ಕರೆದುಕೊಂಡು ಹೋಗುವ ವ್ಯವಸ್ಥೆ ಆಗಲಿ. ಒಂದು ದಿನದ ಕಾರ್ಯಕ್ರಮ ಸಾಲದು. ಹಕ್ಕಿ ಇರುವಷ್ಟು ದಿನ, ಅಂದರೆ ಫೆಬ್ರವರಿವರೆಗೆ, ವಾರಕ್ಕೊಮ್ಮೆ ನಡೆಯಬೇಕು.

ಈ ಕೆರೆ ಎಂಥದ್ದು ಅಂತ ತಮಗೆ ಹೇಳಬೇಕಿಲ್ಲ. ಗದಗ-ಲಕ್ಷ್ಮೇಶ್ವರ ರಸ್ತೆಯಲ್ಲಿ ಓಡಾಡುವ ಯಾರಿಗೂ ಗೊತ್ತಿರುವ ಕೆರೆ. ನೀರಾವರಿಗೆಂದು ಹಿಂದಿನವರು ಕಟ್ಟಿಸಿದ್ದು, ಹೆಚ್ಚುಕಡಿಮೆ 50 ಹೆಕ್ಟೇರ್ ಹರವು. 2024ರಲ್ಲಿ ಇದು ರಾಮ್ಸಾರ್ ಪಟ್ಟಿ ಸೇರಿತು. ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದ ಪ್ರಕಾರ, ಜಗತ್ತಿಗೇ ಮುಖ್ಯವಾದ ಜೌಗು ಮತ್ತು ಕೆರೆಗಳ ಪಟ್ಟಿ ಅದು. ಕರ್ನಾಟಕದಿಂದ 2022ರಲ್ಲಿ ರಂಗನತಿಟ್ಟು ಅದಕ್ಕೆ ಮೊದಲು ಸೇರಿತ್ತು. ಆಮೇಲೆ ಅಘನಾಶಿನಿ ಅಳಿವೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಜೊತೆಗೆ ನಮ್ಮ ಮಾಗಡಿ. ಇಷ್ಟು ದೊಡ್ಡ ಹೆಸರು ಬಂದ ಮೇಲೆ ದೂರದೂರಿನಿಂದ ಕ್ಯಾಮೆರಾ ಹಿಡಿದು ಬರುವವರು ಜಾಸ್ತಿಯಾಗಿದ್ದಾರೆ. ಬರಲಿ, ಸಂತೋಷ. ಆದರೆ ಏರಿಯಿಂದ ಕೂಗಳತೆಯಲ್ಲಿರುವ ಮನೆಯ ಹುಡುಗಿ ದುರ್ಬೀನಿನಲ್ಲಿ ಒಂದು ಸಲವೂ ಆ ಹಕ್ಕಿಯನ್ನು ನೋಡಿಲ್ಲ ಅಂದರೆ ಹೇಗೆ?

ದುರ್ಬೀನಿನಲ್ಲಿ ನೋಡಿದರೆ ಏನು ಕಾಣುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಬರಿಗಣ್ಣಿಗೆ ಅದು ನೀರಿನ ಮೇಲಿನ ಬೂದು ಬಣ್ಣದ ಗುಂಪು, ಅಷ್ಟೇ. ದುರ್ಬೀನು ಹಿಡಿದ ಕೂಡಲೇ ಒಂದೊಂದು ತಲೆಯೂ ಬೇರೆಯಾಗುತ್ತದೆ. ಬೆಳ್ಳಗಿನ ತಲೆ, ಅದರ ಹಿಂಬದಿಗೆ ಅಡ್ಡಲಾಗಿ ಎರಡು ಕಪ್ಪು ಪಟ್ಟೆ. ಮೇಲಿನದು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿನವರೆಗೆ ನೆತ್ತಿಯ ಹಿಂದೆ ಸುತ್ತಿ ಬರುತ್ತದೆ. ಅದರ ಕೆಳಗೆ ಇನ್ನೊಂದು ಚಿಕ್ಕದು. ಕೊಕ್ಕು, ಕಾಲು ಕಿತ್ತಳೆ ಮಿಶ್ರಿತ ಹಳದಿ. ಗುಂಪಿನಲ್ಲಿ ಕೆಲವಕ್ಕೆ ಪಟ್ಟೆಯೇ ಇರುವುದಿಲ್ಲ, ನೆತ್ತಿ ಬರೀ ಮಸುಕಾಗಿರುತ್ತದೆ. ಅವು ಆ ವರ್ಷ ಹುಟ್ಟಿದ ಮರಿಗಳು. ನಾಲ್ಕೈದು ತಿಂಗಳ ಮರಿ ಅಪ್ಪ-ಅಮ್ಮನ ಜೊತೆ ಹಿಮಾಲಯ ದಾಟಿ ನಮ್ಮೂರಿಗೆ ಬಂದಿದೆ ಅಂತ ಹೇಳಿ ನೋಡಿ. ಮಕ್ಕಳು ದುರ್ಬೀನು ವಾಪಸ್ ಕೊಡುವುದೇ ಇಲ್ಲ.

ಇವು ಮೊಟ್ಟೆಯಿಟ್ಟು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ನಮ್ಮ ಲಡಾಖ್‌ನ ಸರೋವರಗಳ ಕಡೆ. ಉಪಗ್ರಹಕ್ಕೆ ಸಂಕೇತ ಕಳಿಸುವ ಸಾಧನ ಕಟ್ಟಿ ಅಧ್ಯಯನ ಮಾಡಿದಾಗ ಇವು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿನ ತೆಳು ಗಾಳಿಯಲ್ಲಿ ಮನುಷ್ಯ ನಾಲ್ಕು ಹೆಜ್ಜೆ ಇಡಲು ಏದುಸಿರು ಬಿಡುತ್ತಾನೆ. ಇವುಗಳ ರಕ್ತಕ್ಕೆ ಇರುವಷ್ಟೇ ಆಮ್ಲಜನಕವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುವ ಗುಣವಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಅಕ್ಷರ-ಅಂಕಿಯ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ನಮ್ಮ ಏಳನೇ ಕ್ಲಾಸಿನ ಹುಡುಗ ಅಂಥದೊಂದು ಪಟ್ಟಿಯ ಅಕ್ಷರ ಓದಿ ಬರೆದುಕೊಂಡ ಅಂದುಕೊಳ್ಳಿ. ಆ ಹಕ್ಕಿ ಎಲ್ಲಿಂದ ಹೊರಟಿತ್ತು ಅಂತ ಪತ್ತೆ ಹಚ್ಚಲು ಅಷ್ಟು ಸಾಕು. ಭೂಗೋಳದ ಪಾಠ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು?

ಹಾಗಾದರೆ ಅಕ್ಟೋಬರ್‌ನಲ್ಲಿ ಏನು ಮಾಡುವುದು ಅಂತ ಕೇಳಬಹುದು. ಅದಕ್ಕೆ ಕಪ್ಪತಗುಡ್ಡ ಇದೆ. ಮಳೆ ಮುಗಿದು ಗುಡ್ಡ ಹಸಿರಾಗಿರುವ ಕಾಲ ಅದು. ಗದಗಿನ ಜನ ಗಣಿಗಾರಿಕೆ ಬೇಡ ಅಂತ ಬೀದಿಗಿಳಿದು ಉಳಿಸಿಕೊಂಡ ಗುಡ್ಡ, 2019ರಲ್ಲಿ ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ, ಕೊಂಡುಕುರಿ ಅಲ್ಲಿವೆ. ಅವು ಎದುರಿಗೆ ಬಂದು ನಿಲ್ಲಲಿಕ್ಕಿಲ್ಲ. ಆದರೆ ಹೆಜ್ಜೆ ಗುರುತು ಸಿಗುತ್ತದೆ, ಹಿಕ್ಕೆ ಸಿಗುತ್ತದೆ. ಕತ್ತೆಕಿರುಬ ಮೂಳೆ ಕಡಿದು ತಿನ್ನುವುದರಿಂದ ಅದರ ಹಿಕ್ಕೆ ಒಣಗಿದರೆ ಸುಣ್ಣದಂತೆ ಬೆಳ್ಳಗಾಗುತ್ತದೆ. ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಯೋಜನೆ ಇದ್ದೇ ಇದೆ. ಸಪ್ತಾಹದಲ್ಲಿ ನಮ್ಮ ಸರ್ಕಾರಿ ಶಾಲೆಗಳ ಮಕ್ಕಳಿಗೆ ಅದರಡಿ ಒಂದು ಗುಡ್ಡದ ನಡಿಗೆ ಕೊಡಿಸಿದರೆ ಆಯಿತು.

ಕೆರೆಯ ನಡಿಗೆಗೆ ನವೆಂಬರ್ 12 ಒಳ್ಳೆಯ ದಿನ. ಭಾರತದ ಹಕ್ಕಿಗಳ ಬಗ್ಗೆ ಜೀವನವಿಡೀ ಕೆಲಸ ಮಾಡಿದ ಸಲೀಂ ಅಲಿ 1896ರಲ್ಲಿ ಹುಟ್ಟಿದ್ದು ಅವತ್ತೇ. ದೇಶದಲ್ಲಿ ಅವತ್ತು ಪಕ್ಷಿವೀಕ್ಷಣಾ ದಿನ ಆಚರಿಸುತ್ತಾರೆ. ಮಾಗಡಿಯ ಮೊದಲ ನಡಿಗೆ ಅವತ್ತು ಆಗಲಿ, ಆಮೇಲೆ ಪ್ರತಿ ಭಾನುವಾರ. ಸಣ್ಣ ಸಣ್ಣ ತಂಡ ಸಾಕು. ಕೆಲವು ದುರ್ಬೀನು, ಒಂದು ಟೆಲಿಸ್ಕೋಪ್, ನಮ್ಮ ಹಕ್ಕಿಗಳ ಚಿತ್ರ ಮತ್ತು ಕನ್ನಡ ಹೆಸರಿರುವ ಒಂದು ಹಾಳೆ. ತಮ್ಮ ಪ್ರಯತ್ನದಿಂದ ಇವಿಷ್ಟು ಒದಗಿದರೆ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇಟ್ಟುಕೊಂಡು ವರ್ಷಗಟ್ಟಲೆ ಬಳಸಬಹುದು. ಕರೆದುಕೊಂಡು ಹೋಗುವವರು ಮಾತ್ರ ಮಾಗಡಿ ಮತ್ತು ಅಕ್ಕಪಕ್ಕದ ಹಳ್ಳಿಗಳ ಹುಡುಗ-ಹುಡುಗಿಯರೇ ಆಗಬೇಕು. ಅರಣ್ಯ ಇಲಾಖೆ ಅವರಿಗೆ ತರಬೇತಿ ಕೊಡಲಿ. ಆ ದಿನದ ಕೂಲಿಯೂ ಅವರಿಗೆ ಸಿಗಲಿ. ಪುಕ್ಕಟೆ ಸೇವೆ ಅಂತ ಶುರುವಾದದ್ದು ಬಹಳ ದಿನ ನಡೆಯುವುದಿಲ್ಲ.

ಇನ್ನೊಂದು ವಿಷಯ. ದಯವಿಟ್ಟು ಏರಿಯ ಮೇಲೆ ವೇದಿಕೆ, ಮೈಕು, ಡಿಜೆ ಬೇಡ. ಪಟಾಕಿಯಂತೂ ಬೇಡವೇ ಬೇಡ. ದೂರದಿಂದ ಬಂದು ದಣಿದ ಹಕ್ಕಿ ಹಗಲಿಡೀ ನೀರಿನ ಮೇಲೆ ಸುಮ್ನೆ ಕೂತು ಸುಧಾರಿಸಿಕೊಳ್ಳುತ್ತದೆ. ಗದ್ದಲಕ್ಕೆ ಒಂದು ಎದ್ದರೆ ಇಡೀ ಹಿಂಡೇ ಎದ್ದುಬಿಡುತ್ತದೆ. ಹೀಗೆ ಮತ್ತೆ ಮತ್ತೆ ಎಬ್ಬಿಸಿದರೆ ಜಾಗವನ್ನೇ ಬಿಟ್ಟುಹೋಗಬಹುದು. ಉದ್ಘಾಟನೆ, ಭಾಷಣ, ಸನ್ಮಾನ ಮಾಡಲೇಬೇಕು ಅಂದರೆ ಊರೊಳಗಿನ ಶಾಲೆಯಲ್ಲಿ ಮಾಡೋಣ. ಡ್ರೋನ್ ಹಾರಿಸುವವರಿಗೂ ನೀರಿನ ತೀರಾ ಹತ್ತಿರ ಇಳಿಯುವವರಿಗೂ ತಡೆ ಹಾಕಿಸಿ.

ಈಗ ರೈತರ ಮಾತು. ಇದನ್ನು ಬಿಟ್ಟು ಹಕ್ಕಿ ಉಳಿಸುವ ಮಾತಾಡಿದರೆ ಅದು ಊರಿಗೆ ರುಚಿಸುವುದಿಲ್ಲ, ರುಚಿಸಬೇಕಾಗಿಯೂ ಇಲ್ಲ. ಹೆಬ್ಬಾತು ಮೀನು ತಿನ್ನುವ ಹಕ್ಕಿ ಅಲ್ಲ, ಹುಲ್ಲು ಮೇಯುವ ಹಕ್ಕಿ. ಸಂಜೆಯಾಗುತ್ತಲೇ ಹಿಂಡು ಹಿಂಡಾಗಿ ಎದ್ದು ಸುತ್ತಲಿನ ಹೊಲಗಳಿಗೆ ಹೋಗುತ್ತದೆ, ಬೆಳಿಗ್ಗೆ ಕೆರೆಗೆ ಮರಳುತ್ತದೆ. ಹೊಲದಲ್ಲಿ ಉಳಿದ ಶೇಂಗಾ ಆಯ್ದು ತಿಂದರೆ ಯಾರಿಗೂ ನಷ್ಟವಿಲ್ಲ. ಹಿಂಗಾರಿ ಬೆಳೆಯ ಎಳೆ ಚಿಗುರಿಗೆ ಬಾಯಿ ಹಾಕಿದರೆ ಹೊಲದವರ ಹೊಟ್ಟೆ ಉರಿಯುತ್ತದೆ, ಅಲ್ವಾ? ಬೀಜ, ಗೊಬ್ಬರ, ಬಿತ್ತನೆಯ ಬಾಡಿಗೆ ಎಲ್ಲ ಸಾಲದ ದುಡ್ಡು. ಅಂಥವರಿಗೆ ಹೋಗಿ 'ಇವು ಅತಿಥಿಗಳು, ಸಹಿಸಿಕೊಳ್ಳಿ' ಅನ್ನಲು ನಮಗೆ ಬಾಯಿ ಹೇಗೆ ಬರಬೇಕು?

ಅದಕ್ಕೇ ಭಾನುವಾರದ ನಡಿಗೆಗೆ ಇನ್ನೊಂದು ಕೆಲಸ ಸೇರಿಸಿ ಅಂತ ಕೇಳುತ್ತಿದ್ದೇನೆ. ಹಕ್ಕಿ ಎಣಿಸಿ ಮುಗಿದ ಮೇಲೆ ಅದೇ ತಂಡ ಹತ್ತಿರದ ಹೊಲಗಳಿಗೆ ಹೋಗಲಿ. ಯಾರ ಹೊಲದಲ್ಲಿ ಎಷ್ಟು ಗುಂಟೆ ಮೇದಿವೆ ಅಂತ ರೈತರ ಜೊತೆಗೇ ನಿಂತು ನೋಡಿ ಬರೆದುಕೊಳ್ಳಲಿ. ಕೃಷಿ ಇಲಾಖೆಯವರು, ಗ್ರಾಮ ಆಡಳಿತಾಧಿಕಾರಿ ಜೊತೆಗಿರಲಿ. ಒಂದು ಹಂಗಾಮು ಹೀಗೆ ಬರೆದಿಟ್ಟರೆ ನಷ್ಟ ನಿಜವಾಗಿ ಎಷ್ಟು, ಯಾರಿಗೆ ಅನ್ನುವುದು ಕಾಗದದ ಮೇಲೆ ಬರುತ್ತದೆ. ಆ ಕಾಗದ ಹಿಡಿದು ತಾವು ವಿಧಾನಸಭೆಯಲ್ಲಿ ಪರಿಹಾರ ಕೇಳಬಹುದು. ಮಕ್ಕಳಿಗೂ ಇದು ಗೊತ್ತಾಗಬೇಕು. ಹಕ್ಕಿಯ ಚೆಂದ ನೋಡಿದ ಮಗು ಅದೇ ದಿನ ಮೇದ ಹೊಲವನ್ನೂ ನೋಡಲಿ.

ಇದು ಆಗದ ಮಾತೇನಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಹುಣಸೆ ಫಸಲು ಬಿಟ್ಟುಕೊಟ್ಟ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಹಣ ಕೊಡುತ್ತದೆ. ಊರಿನವರದೇ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ, ಹಾರುವಂತಾದ ಮೇಲೆ ಬಿಡುತ್ತದೆ. ಅಲ್ಲಿ ಮರಕ್ಕೆ ಹಣ ಸಿಗುವುದಾದರೆ ಇಲ್ಲಿ ಹೊಲಕ್ಕೆ ಸಿಗಬಾರದೇಕೆ? ಮಾಗಡಿಯ ಕೆಲವು ರೈತರನ್ನೂ ಯುವಕರನ್ನೂ ಒಮ್ಮೆ ಅಲ್ಲಿಗೆ ಕಳಿಸಿಕೊಡಿ. ಅಲ್ಲಿನ ಜನರ ಬಾಯಿಂದಲೇ ಕೇಳಿದರೆ ನಂಬಿಕೆ ಬರುತ್ತದೆ.

ಹೊಲಕ್ಕೆ ಹೋಗುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಸೀಗೆ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ನೆಂಟರು ಗೆಳೆಯರ ಜೊತೆ ಕೂತು ಉಣ್ಣುತ್ತೇವೆ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಕೆರೆ ತುಂಬ ಹಕ್ಕಿ ಇರುತ್ತವೆ. ಅವತ್ತು ಸಂಜೆ ಹೊಲದಿಂದ ಮನೆಗೆ ಹೋಗುವ ಮುನ್ನ ಅರ್ಧ ಗಂಟೆ ಏರಿಯ ಕಡೆ ಬನ್ನಿ ಅಂತ ಪಂಚಾಯಿತಿ ಡಂಗುರ ಸಾರಿಸಿದರೆ ಅಜ್ಜಿಯರಿಂದ ಹಿಡಿದು ಕೂಸುಗಳವರೆಗೆ ಬರುತ್ತಾರೆ. ಹಿಂಡು ಕೆರೆಯಿಂದ ಏಳುವ ಹೊತ್ತೂ ಅದೇ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ಪ್ರತಿ ವರ್ಷ ಅನೇಕ ದೇಶಗಳಲ್ಲಿ ಸ್ವಯಂಸೇವಕರೇ ಮಾಡಿಕೊಂಡು ಬಂದಿರುವ ಎಣಿಕೆ ಅದು. ನವೆಂಬರ್, ಡಿಸೆಂಬರ್ ಎರಡು ತಿಂಗಳು ಅಭ್ಯಾಸ ಆಗಿದ್ದರೆ ನಮ್ಮ ಶಾಲಾ ಮಕ್ಕಳೇ ಮಾಗಡಿ ಕೆರೆಯ ಲೆಕ್ಕ ಕೊಡಬಹುದು. ಮಳೆ ಕೈಕೊಟ್ಟು ಕೆರೆ ಬತ್ತಿದ ವರ್ಷ ಹಕ್ಕಿ ಎಷ್ಟು ಕಡಿಮೆಯಾದವು, ತುಂಬಿದ ವರ್ಷ ಎಷ್ಟು ಹೆಚ್ಚಾದವು ಅನ್ನುವುದು ಊರಿನ ಕೈಯಲ್ಲೇ ಇರುತ್ತದೆ. ಹೂಳು ತೆಗೆಯಲು, ನೀರು ಬರುವ ಹಳ್ಳಗಳನ್ನು ಸರಿಪಡಿಸಲು ತಾವು ಅನುದಾನ ಕೇಳುವಾಗ ಆ ಲೆಕ್ಕ ತಮಗೂ ಬೇಕಾಗುತ್ತದೆ.

ಮೊದಲ ನಡಿಗೆಗೆ ತಾವೂ ಬರಬೇಕು ಅಂತ ಆಸೆ. ಹಾರ, ಶಾಲು, ಬೆಂಬಲಿಗರ ಸಾಲು ಇಲ್ಲದೆ, ಮಕ್ಕಳ ಜೊತೆ ಒಬ್ಬರಾಗಿ ಬನ್ನಿ. ಬೆಳಿಗ್ಗೆ ಬಂದರೆ ಹಿಂಡುಗಳು ಹೊಲದಿಂದ ಮರಳಿ ಕೆರೆಗೆ ಇಳಿಯುವುದನ್ನು ನೋಡಬಹುದು. ಶಾಲೆಗಳಿಗೆ ತಿಳಿಸಬೇಕು, ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಬೇಕು, ತರಬೇತಿಗೆ ಹುಡುಗರನ್ನು ಗೊತ್ತುಮಾಡಬೇಕು. ಇದಕ್ಕೆಲ್ಲ ಒಂದು ತಿಂಗಳಾದರೂ ಬೇಕು. ಆದ್ದರಿಂದ ದಸರಾ ರಜೆ ಮುಗಿಯುವುದರೊಳಗೆ ಅರಣ್ಯ, ಶಿಕ್ಷಣ, ಕೃಷಿ ಇಲಾಖೆಯವರನ್ನೂ ಮಾಗಡಿ ಪಂಚಾಯಿತಿಯವರನ್ನೂ ಕೆಲವು ರೈತರನ್ನೂ ಒಟ್ಟಿಗೆ ಕೂರಿಸಿ ಒಂದು ಸಭೆ ಕರೆಯಿರಿ. ದಿನ ತಿಳಿಸಿದರೆ ನಾವೂ ಬರುತ್ತೇವೆ.

ಗೌರವದೊಂದಿಗೆ,
ತಮ್ಮ ಕ್ಷೇತ್ರದ ಒಬ್ಬ ಮತದಾರ